ಗಡ್ಡಕ್ಕೆ ಕೈ ಹಾಕಿದ ಪ್ರಕರಣ

ಮೇಲ್ಕಣಿವೆ ಅಗ್ನಿಶಾಮಕ ಅಧಿಕಾರಿಗಳ ಸಂಘ
ಅರಲ್-ತೋಬೆ
14 ಏಪ್ರಿಲ್ 1999

ಕೋಕ್-ತಾಲ್ ಠಾಣೆಯ ಬಾಗಿಲು ಕಾವಲುಗಾರ ಕದಿರ್‌ಕುಲ್ ಅವರಿಗೆ,

ಇದೇ ಹತ್ತನೇ ತಾರೀಕು ನಿಮ್ಮ ಠಾಣೆಯ ಅಂಗಳದಲ್ಲಿ ನಡೆದ ಹೊಗೆಕೋಣೆ ಕವಾಯತಿಗೆ ನಮ್ಮ ಸಂಘದ ಅಧ್ಯಕ್ಷರಾದ ಕರ್ನಲ್ ಮಂಬೆತಾಲಿ ಅವರು ಅತಿಥಿಗಳಾಗಿ ಬಂದಿದ್ದರು. ಮೂವತ್ತನಾಲ್ಕು ವರ್ಷ ಬೆಂಕಿಯೊಳಗೆ ಹೋಗಿ ಬಂದ ಮನುಷ್ಯ. ನಿವೃತ್ತರಾಗಿದ್ದರೂ ಹುಡುಗರಿಗೆ ಧೈರ್ಯ ಬರಲಿ ಎಂದು ತಾವೇ ಮುಖವಾಡ ಹಾಕಿ, ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಹೊರಟರು. ಆಗ ನೀವು ಅರವತ್ತು ಜನರ ಎದುರಿಗೆ ಅವರ ಗಡ್ಡಕ್ಕೆ ಕೈ ಹಾಕಿದಿರಿ. ಗಡ್ಡದೊಳಗೆ ಬೆರಳು ತೂರಿಸಿ "ಒಳಗೆ ಬಿಡೋದಿಲ್ಲ" ಎಂದಿರಿ. ಜನ ನಕ್ಕರು. ಅವರು ಮುಖವಾಡ ತೆಗೆದು, ಒಂದು ಬಟ್ಟಲು ಚಹಾ ಸಹ ಕುಡಿಯದೆ ಘಟ್ಟ ಹತ್ತಿ ವಾಪಸು ಬಂದರು.

ಆ ಗಡ್ಡ ಶೋಕಿಗೆ ಬಿಟ್ಟದ್ದಲ್ಲ. ಕಳೆದ ಶರತ್ಕಾಲದಲ್ಲಿ ಅವರ ತಂದೆ ತೀರಿಕೊಂಡ ಮೇಲೆ ಕುಲದ ಹಿರಿತನ ಅವರ ಹೆಗಲಿಗೆ ಬಂತು. ವರ್ಷದ ಊಟ ಆಗುವವರೆಗೆ ಅದಕ್ಕೆ ಕತ್ತರಿ ತಾಗಬಾರದು. ಇದು ಗೊತ್ತಿಲ್ಲದವರು ನಮ್ಮ ಕಣಿವೆಯಲ್ಲಿ ಯಾರೂ ಇಲ್ಲ.

ಕರ್ನಲ್ ನನ್ನ ತಂದೆ. ಮುಚ್ಚಿಡಬೇಕಾದ ಸಂಗತಿ ಅದಲ್ಲ. ಆದರೆ ಈ ಪತ್ರ ಬರೆಯುತ್ತಿರುವವಳು ಮಗಳಲ್ಲ, ಸಂಘದ ಕಾರ್ಯದರ್ಶಿ. ಹತ್ತು ದಿನದೊಳಗೆ ಲಿಖಿತ ವಿವರಣೆ ಕೊಡಿ.

ಬುರುಲ್ ಮಂಬೆತಾಲಿಯೆವಾ
ಕಾರ್ಯದರ್ಶಿ


ಕೋಕ್-ತಾಲ್
21 ಏಪ್ರಿಲ್ 1999

ಕಾರ್ಯದರ್ಶಿ ಬುರುಲ್ ಅವರಿಗೆ ಕದಿರ್‌ಕುಲ್ ಮಾಡುವ ಸಲಾಂ,

ನಿಮ್ಮ ಕಾಗದ ಸೋಮವಾರ ಬಂತು. ಅವತ್ತಿಂದ ನನಗೆ ಊಟ ಸೇರುತ್ತಿಲ್ಲ. ಮೂರು ಸಲ ಬರೆದು ಮೂರು ಸಲ ಒಲೆಗೆ ಹಾಕಿದೆ. ನಾನು ಆರನೇ ಕ್ಲಾಸಿನ ಚಳಿಗಾಲಕ್ಕೆ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನು, ಬರೆಯುವುದರಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಅದನ್ನೂ ಅವಮಾನದ ಲೆಕ್ಕಕ್ಕೆ ಸೇರಿಸಬೇಡಿ. ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಮರೆಗುಳಿ. ಸಿಕ್ಕಿತೋ ಇಲ್ಲವೋ ತಿಳಿಸಿ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ, ಆದರೂ ಹೇಳುತ್ತೇನೆ. ಬೆಂಕಿ ಬಿದ್ದ ಕಡೆ ಬಾಗಿಲಲ್ಲಿ ನಿಲ್ಲುವುದು. ಒಳಗೆ ಹೋಗುವವನ ಸಿಲಿಂಡರಿನಲ್ಲಿ ಗಾಳಿ ಎಷ್ಟು, ಹೋದದ್ದು ಎಷ್ಟು ಹೊತ್ತಿಗೆ, ಎಷ್ಟು ಹೊತ್ತಿಗೆ ಹೊರಗೆ ಬರಬೇಕು, ಬರೆದುಕೊಳ್ಳುವುದು. ಅದಕ್ಕೂ ಮೊದಲು ಮುಖವಾಡದ ಅಂಚಿನ ಸುತ್ತ ಬೆರಳಾಡಿಸಿ ನೋಡುವುದು. ಬೆರಳು ಹೋಗುವ ಕಡೆ ಹೊಗೆಯೂ ಹೋಗುತ್ತದೆ, ಅಷ್ಟೇ ವಿದ್ಯೆ. ನಿಮ್ಮ ತಂದೆಯವರ ಕೆನ್ನೆಯ ಹತ್ತಿರ ನನ್ನ ಎರಡು ಬೆರಳು ಸಲೀಸಾಗಿ ಹೋದವು. ಗಡ್ಡದ ಮೇಲೆ ರಬ್ಬರ್ ಕೂತುಕೊಳ್ಳುವುದಿಲ್ಲ. ಎಂಥ ಕರ್ನಲ್ ಆದರೂ ಕೂತುಕೊಳ್ಳುವುದಿಲ್ಲ. ಇದು ನನ್ನ ಮಾತಲ್ಲ, ರಬ್ಬರಿನ ಗುಣ.

ನಾನು ಕಿವಿಯಲ್ಲೇ ಹೇಳಿದೆ. "ಅಕ್ಸಕಾಲ್, ಹಿರಿಯರೇ, ಸೋರ್ತಾ ಇದೆ, ಬಿಡಕ್ಕಾಗಲ್ಲ" ಅಂತ. ಆದರೆ ಪಂಪು ಗಡಗಡ ಅಂತಿತ್ತು, ಕೂಗಿ ಹೇಳಬೇಕಾಯಿತು. ಕೂಗುವ ಹೊತ್ತಿಗೆ ಸರಿಯಾಗಿ ಯಾರೋ ಪಾಪಿ ಪಂಪು ನಿಲ್ಲಿಸಿದ. ನನ್ನ ದನಿ ಅಂಗಳಕ್ಕೆಲ್ಲ ಕೇಳಿತು. ಹಿಂದಿನಿಂದ ಒಬ್ಬ, "ಏನಯ್ಯಾ ಕದಿರ್‌ಕುಲ್, ಸಂತೇಲಿ ಹೋತ ಕೊಳ್ಳೋಕೆ ಬಂದೋನ ಥರ ಗಡ್ಡ ಹಿಡಿದು ನೋಡ್ತಿದೀಯಲ್ಲ, ಹಲ್ಲೂ ನೋಡಿಬಿಡು!" ಅಂದ. ಆಗ ಜನ ನಕ್ಕದ್ದು. ನಕ್ಕಿದ್ದು ನಾನಲ್ಲ.

ನಿಮ್ಮ ತಂದೆಯವರು ನನ್ನನ್ನು ಬಹಳ ಹೊತ್ತು ನೋಡಿದರು. "ನಿನ್ನ ಹೆಸರೇನು?" ಅಂದರು. ಹೇಳಿದೆ. ಹೊರಟುಹೋದರು. ಆ ಒಂದು ಮಾತು ಹನ್ನೊಂದು ದಿನದಿಂದ ನನ್ನ ತಲೆಯಲ್ಲಿ ತಿರುಗುತ್ತಿದೆ. ಯಾಕೆ ಕೇಳಿದರು? ಅವರು ನನ್ನ ಬಗ್ಗೆ ಏನು ಹೇಳಿದರು? ಅದೊಂದು ಬರೆದು ತಿಳಿಸಿದರೆ ಉಪಕಾರ.

ಕದಿರ್‌ಕುಲ್


ಅರಲ್-ತೋಬೆ
3 ಮೇ 1999

ಕದಿರ್‌ಕುಲ್ ಅವರಿಗೆ,

ನಾನು ಕೇಳಿದ್ದು ವಿವರಣೆ, ರಬ್ಬರಿನ ಪಾಠವಲ್ಲ.

ನಿಮ್ಮ ಪತ್ರದಲ್ಲಿ ಪಂಪು ತಪ್ಪಿತಸ್ಥ, ಜನ ತಪ್ಪಿತಸ್ಥರು, ಗಡ್ಡ ತಪ್ಪಿತಸ್ಥ. ನಿಮ್ಮ ಕೈಯೊಂದು ಬಿಟ್ಟು. ತಂದೆಯವರು ಏನು ಹೇಳಿದರು ಎಂದು ಕೇಳಿದ್ದೀರಿ. ಒಬ್ಬ ಬಾಗಿಲು ಕಾಯುವವನ ಬಗ್ಗೆ ಅವರು ಮಾತಾಡುತ್ತಾ ಕೂರುತ್ತಾರೆ ಎಂದುಕೊಂಡಿರಾ? ಇಲ್ಲಿನ ಬಜಾರಿನಲ್ಲಿ ಸಮ್ಸಾ ಮಾರುವವಳು ಮೊನ್ನೆ ನನ್ನ ಕಡೆ ಕೈತೋರಿ ಪಕ್ಕದವಳಿಗೆ, "ಇವಳೇ ಕಣೇ, ಗಡ್ಡ ಎಳೆಸ್ಕೊಂಡೋರ ಮಗಳು" ಎಂದಳು. ಘಟ್ಟದ ಈಚೆಗೂ ಸುದ್ದಿ ಬಂದಿದೆ. ಈ ಸಂಘ ಕಟ್ಟಿ ಮೂರು ವರ್ಷ. ಏಳು ಠಾಣೆಗಳು ಒಂದು ಮಾತಿಗೆ ನಿಂತಿರುವುದು ಒಬ್ಬ ಮನುಷ್ಯನ ಮೇಲಿನ ಗೌರವಕ್ಕೆ. ಅದೇ ಹೋದರೆ ನಿಮ್ಮ ಸಿಲಿಂಡರುಗಳಿಗೆ ಗಾಳಿ ತುಂಬಿಸಿಕೊಡುವವರೂ ಇರುವುದಿಲ್ಲ, ತಿಳಿದಿರಲಿ.

ಸಮಿತಿಯ ತೀರ್ಮಾನ ಹೀಗಿದೆ. ಒಂದು, ನೀವು ಇಲ್ಲಿಗೆ ಬಂದು ಸಭೆಯ ಎದುರು ತಂದೆಯವರ ಕೈಗೆ ಹೊಸ ಕಲ್ಪಾಕ್ ಟೋಪಿ ಇಟ್ಟು ಕ್ಷಮೆ ಕೇಳಬೇಕು. ಎರಡು, ಇನ್ನು ಮುಂದೆ ಹಿರಿಯರ ತಲೆ, ಮುಖ, ಗಡ್ಡ ಮುಟ್ಟುವುದಿಲ್ಲ ಎಂದು ಬರೆದುಕೊಡಬೇಕು. ಇಲ್ಲವಾದರೆ ನಿಮ್ಮನ್ನು ಬಾಗಿಲು ಕಾವಲಿನಿಂದ ತೆಗೆದು ನೀರಿನ ಲಾರಿಗಳಿಗೆ ಗೇಟು ಎತ್ತುವ ಕೆಲಸಕ್ಕೆ ಹಾಕಲು ನಿಮ್ಮ ಠಾಣಾಧಿಕಾರಿ ಜುಮಾದಿಲ್ ಒಪ್ಪಿದ್ದಾರೆ.

ಬುರುಲ್ ಮಂಬೆತಾಲಿಯೆವಾ


ಕೋಕ್-ತಾಲ್
12 ಮೇ 1999

ಕಾರ್ಯದರ್ಶಿ ಬುರುಲ್ ಅವರಿಗೆ,

ಕಲ್ಪಾಕಿಗೆ ನನ್ನ ಅಡ್ಡಿ ಏನೂ ಇಲ್ಲ. ನನ್ನ ಹೆಂಡತಿ ಕೆನ್‌ಜೆ ಆಗಲೇ ಬಿಳಿ ಉಣ್ಣೆಯ ಕಂಬಳಿ ಬಟ್ಟೆ ತಂದು ಹೊಲಿಯುತ್ತಿದ್ದಾಳೆ. "ತಲೆ ಅಳತೆ ಗೊತ್ತಾ? ಗಡ್ಡದ ಅಳತೆ ಮಾತ್ರ ತಗೊಂಡು ಬಂದಿದೀಯಾ?" ಅಂತ ನನ್ನನ್ನು ಹಂಗಿಸುತ್ತಾಳೆ. ಮನೆಯಲ್ಲೂ ಇದೇ, ಠಾಣೆಯಲ್ಲೂ ಇದೇ. ಹುಡುಗರು ನನ್ನನ್ನು "ಕ್ಷೌರಿಕ ಬಾಯ್ಕೆ" ಅಂತ ಕರೆಯುತ್ತಾರೆ. ಬಾಯ್ಕೆ, ಅಣ್ಣಾ ಅಂತ ಅನ್ನುವುದನ್ನಾದರೂ ಬಿಟ್ಟಿಲ್ಲ. ನೀವು ಅದನ್ನೂ ಬಿಟ್ಟಿದ್ದೀರಿ. ನಾನು ನಿಮಗಿಂತ ಹದಿನೈದು ವರ್ಷವಾದರೂ ದೊಡ್ಡವನು.

ಕೈ ತಾಗಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಸಾವಿರ ಸಲ ಕೇಳುತ್ತೇನೆ. ಆದರೆ ನೋಡಿದ್ದಕ್ಕೆ ಹೇಗೆ ಕೇಳಲಿ? ಬಾಗಿಲಲ್ಲಿ ನಿಂತು ಮುಟ್ಟುವುದಿಲ್ಲ ಅಂತ ಬರೆದುಕೊಟ್ಟರೆ ಬಾಗಿಲಲ್ಲಿ ನಾನು ಯಾಕೆ? ಒಂದು ಕಂಬ ನಿಲ್ಲಿಸಿ.

ನಾನು ಹೆದರುಪುಕ್ಕಲ, ಅದು ಊರಿಗೇ ಗೊತ್ತು. ಒಲೆ ಆರಿಸಿದೆನಾ ಅಂತ ಅರ್ಧ ದಾರಿಯಿಂದ ವಾಪಸು ಹೋಗುವವನು. ಬೆಂಕಿಯ ಒಳಗೆ ಹೋದದ್ದು ಎರಡೇ ಸಲ, ಎರಡು ಸಲವೂ ಹೊರಗೆ ಬಂದು ವಾಂತಿ ಮಾಡಿದೆ. ಅದಕ್ಕೇ ಹಳೇ ಠಾಣಾಧಿಕಾರಿ ನನ್ನನ್ನು ಬಾಗಿಲಿಗೆ ಹಾಕಿದ್ದು. "ಧೈರ್ಯಸ್ಥರು ಒಳಗೆ ಹೋಗ್ಲಿ. ಬಾಗಿಲಲ್ಲಿ ಹೆದರೋನು ಬೇಕು" ಅಂದಿದ್ದರು. ಹದಿನೇಳು ವರ್ಷ ಆಯಿತು. ನನ್ನ ಬಾಗಿಲಿಂದ ಒಳಗೆ ಹೋದವರು ಕೆಮ್ಮುತ್ತಲೋ ಬೈಯುತ್ತಲೋ ಎಲ್ಲರೂ ನಡೆದುಕೊಂಡೇ ಹೊರಗೆ ಬಂದಿದ್ದಾರೆ. ನನಗೆ ಇರುವುದು ಇದೊಂದೇ. ಮಕ್ಕಳಿಗೆ ಹೇಳಿಕೊಳ್ಳುವುದಕ್ಕೂ ಇದೊಂದೇ. ಗೇಟಿಗೆ ಹಾಕಬೇಡಿ.

ಒಂದು ದಾರಿ ತೋರುತ್ತಿದೆ. "ಮುಖವಾಡ ಹಾಕದ ವೇಳೆಯಲ್ಲಿ ಹಿರಿಯರನ್ನು ಮುಟ್ಟುವುದಿಲ್ಲ" ಅಂತ ಬರೆದುಕೊಡಲೇ? ನಿಮ್ಮ ಮಾತೂ ಉಳಿಯುತ್ತದೆ, ನನ್ನ ಬಾಗಿಲೂ ಉಳಿಯುತ್ತದೆ. ಹಾಗೆ ಕರಡು ಬರೆದು ಇದರ ಜತೆ ಇಟ್ಟಿದ್ದೇನೆ. ಸಭೆಗೆ ಯಾವತ್ತು ಬರಬೇಕು ಹೇಳಿ. ಘಟ್ಟದ ಮೇಲೆ ಇನ್ನೂ ಹಿಮ ಇದೆಯಂತೆ, ಬಸ್ಸು ಜಾರುತ್ತದಂತೆ. ಆದರೂ ಬರುತ್ತೇನೆ.

ಕದಿರ್‌ಕುಲ್


ಅರಲ್-ತೋಬೆ
24 ಮೇ 1999

ಕದಿರ್‌ಕುಲ್ ಅವರಿಗೆ,

ನಿಮ್ಮ ಕರಡನ್ನು ತಿದ್ದಿ ಹಿಂದಿರುಗಿಸಿದ್ದೇನೆ. "ಮುಖವಾಡ ಹಾಕದ ವೇಳೆಯಲ್ಲಿ" ಎಂಬುದನ್ನು ಹೊಡೆದು ಹಾಕಿದ್ದೇನೆ. ಕೊನೆಗೆ ಒಂದು ಸಾಲು ಸೇರಿಸಿದ್ದೇನೆ: "ಐವತ್ತು ದಾಟಿದವರು ತಮ್ಮ ಮುಖವಾಡ ಸರಿಯಿದೆ ಎಂದರೆ, ಅಥವಾ ಸುಮ್ಮನಿದ್ದರೂ, ಅದನ್ನೇ ಪರೀಕ್ಷೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ." ಇದನ್ನು ಹಾಗೇ ನಕಲು ಮಾಡಿ ಸಹಿ ಹಾಕಿ ಕಳಿಸಿ. ಇನ್ನು ಚರ್ಚೆ ಇಲ್ಲ.

ನೀವು ಬರುವುದು ಬೇಡ. ಕಲ್ಪಾಕೂ ಬೇಡ. ತಂದೆಯವರನ್ನು ಭೇಟಿ ಮಾಡುವ ಪ್ರಯತ್ನವನ್ನೂ ಮಾಡಬೇಡಿ.

ಬುರುಲ್ ಮಂಬೆತಾಲಿಯೆವಾ


ಕೋಕ್-ತಾಲ್
5 ಜೂನ್ 1999

ಕಾರ್ಯದರ್ಶಿಯವರಿಗೆ,

ಸಹಿ ಹಾಕಿದ ಕಾಗದ ಇದರೊಂದಿಗಿದೆ. ನೀವು ತಿದ್ದಿದ ಕರಡು ನನ್ನ ಹತ್ತಿರ ಇದೆ.

ಕಲ್ಪಾಕನ್ನೂ ಬೇಡ ಅನ್ನುವಷ್ಟು ದ್ವೇಷ ನಿಮ್ಮ ತಂದೆಯವರಿಗೆ ಇದೆ ಅಂತ ತಿಳಿದಿರಲಿಲ್ಲ. ದೊಡ್ಡವರು, ಏನು ಹೇಳುವುದು.

ಕದಿರ್‌ಕುಲ್


ಅರಲ್-ತೋಬೆ
12 ಸೆಪ್ಟೆಂಬರ್ 1999

ಕದಿರ್‌ಕುಲ್,

ಆಗಸ್ಟ್ 27ಕ್ಕೆ ನಿಮ್ಮ ಊರಿನ ಉಣ್ಣೆ ಗೋದಾಮಿಗೆ ಬೆಂಕಿ ಬಿತ್ತು. ತಂದೆ ಆ ದಿನ ನೆಂಟರ ಮದುವೆಗೆಂದು ಕೋಕ್-ತಾಲಿನಲ್ಲಿದ್ದರು. ಹುಲ್ಲು ಕೊಯ್ಲಿನ ಕಾಲ, ನಿಮ್ಮ ಠಾಣೆಯ ಅರ್ಧ ಜನ ಬೆಟ್ಟದ ಮೇಲೆ. ಗೋದಾಮಿನ ಕಾವಲುಗಾರ ಮುದುಕ ಒಳಗೆ ಸಿಕ್ಕಿಕೊಂಡಿದ್ದಾನೆ ಎಂದು ಕೇಳಿ, ಊಟದ ಚಾಪೆಯಿಂದ ಎದ್ದು ಹೋಗಿ ಮುಖವಾಡ ಹಾಕಿಕೊಂಡರು. ನಿಮ್ಮ ಠಾಣೆಯ ಎಸೆನ್ ಜತೆಗೆ ಹೋದ. ಎಸೆನ್ ಹೊರಗೆ ಬಂದ. ಮುದುಕನೂ ಬಂದ. ತಂದೆಯನ್ನು ಎಳೆದು ತಂದರು.

ಹದಿನಾರು ದಿನ ಆಯಿತು. ಗಂಟಲಿಗೆ ಕೊಳವೆ ಹಾಕಿದ್ದಾರೆ. ಮಾತಿಲ್ಲ. ಕಣ್ಣು ಬಿಡುತ್ತಾರೆ, ನನ್ನನ್ನು ಗುರುತಿಸುತ್ತಾರೆ, ಪೆನ್ನು ಕೊಟ್ಟರೆ ಕೈ ಜಾರುತ್ತದೆ. ಡಾಕ್ಟರು ಏನೂ ಹೇಳುವುದಿಲ್ಲ.

ನಿಮ್ಮ ಪುಸ್ತಕದ ಪುಟ ತರಿಸಿ ನೋಡಿದೆ. "ಕರ್ನಲ್ ಮಂಬೆತಾಲಿ, 12 ಗಂಟೆ 40 ನಿಮಿಷ, ಮುಖವಾಡ ಪರೀಕ್ಷಿಸಲಾಗಿದೆ." ನಿಮ್ಮ ಸಹಿ. ಕವಾಯತಿನ ದಿನ, ಬರೀ ಹುಲ್ಲಿನ ಹೊಗೆಗೆ, ಕಂಡ ಗಡ್ಡ ನಿಜವಾದ ಬೆಂಕಿಯ ದಿನ ಕಾಣಲಿಲ್ಲವೇ? ಏಪ್ರಿಲಿನಲ್ಲಿ ಎರಡು ಬೆರಳು ಹೋದ ಜಾಗದಲ್ಲಿ ಆಗಸ್ಟಿನಲ್ಲಿ ಒಂದೂ ಹೋಗಲಿಲ್ಲವೇ?

ನಾನು ಹೇಳುತ್ತೇನೆ ಕೇಳಿ. ನೀವು ಕಾದು ಕುಳಿತಿದ್ದಿರಿ. ಸೇಡು ತೀರಿಸಿಕೊಂಡಿರಿ. ಅಕ್ಟೋಬರ್ 20ಕ್ಕೆ ಸಂಘದ ವಿಚಾರಣೆ ಇದೆ. ಅಲ್ಲಿಂದ ಕಡತ ಸರ್ಕಾರಿ ವಕೀಲರ ಕೈಗೆ ಹೋಗುತ್ತದೆ.

ಬುರುಲ್


ಕೋಕ್-ತಾಲ್
19 ಸೆಪ್ಟೆಂಬರ್ 1999

ಬುರುಲ್ ಅವರೇ,

ನಿಮ್ಮ ತಂದೆ ಬದುಕಲಿ ಅಂತ ನನ್ನ ಮನೆಯಲ್ಲಿ ಎಣ್ಣೆಯಲ್ಲಿ ರೊಟ್ಟಿ ಕರಿದು ಕುರಾನ್ ಓದಿಸಿದ್ದೇವೆ. ಅದನ್ನು ನೀವು ನಂಬುವುದಿಲ್ಲ, ಬಿಡಿ.

ಆದರೆ ಸೇಡು ಅನ್ನುವ ಮಾತು ನಿಮ್ಮ ಬಾಯಲ್ಲಿ ಹೇಗೆ ಬಂತು? ಮುಟ್ಟಬೇಡ ಅಂದದ್ದು ಯಾರು? ಸುಮ್ಮನಿದ್ದರೂ ಪರೀಕ್ಷೆ ಅಂತ ಬರೆದುಕೋ ಅಂದದ್ದು ಯಾರು? ನಾನು ಬರೆದಿದ್ದ ಮೂರು ಪದ ಹೊಡೆದು ಹಾಕಿದ್ದು ಯಾವ ಕೈ? ಕೆಂಪು ಶಾಯಿ. ನಿಮ್ಮ ಕೈ. ಆ ಕರಡು ನನ್ನ ಟ್ರಂಕಿನಲ್ಲಿದೆ, ಮೇಲೆ ಬಟ್ಟೆ, ಅದರ ಮೇಲೆ ಬೀಗ. ಬೀಗ ಹಾಕಿದೆನಾ ಅಂತ ದಿನಕ್ಕೆ ಹತ್ತು ಸಲ ನೋಡುತ್ತೇನೆ. ಜೈಲು ಅಂದರೆ ನನಗೆ ಹೆದರಿಕೆ. ಸುಳ್ಳು ಹೇಳುವುದಿಲ್ಲ. ಕೆನ್‌ಜೆ ಆಗಲೇ ನನಗೆ ದಪ್ಪ ಕಾಲುಚೀಲ ಹೆಣೆಯುತ್ತಾ ಕೂತಿದ್ದಾಳೆ, ಹೆಣೆಯುತ್ತಾ ನಿಮಗೆ ಶಾಪ ಹಾಕುತ್ತಾಳೆ. ನಾನು ತಡೆಯುತ್ತಿಲ್ಲ.

ಆವತ್ತು ನೋಡುವುದಕ್ಕಾದರೂ ಪುರುಸೊತ್ತು ಎಲ್ಲಿತ್ತು? ಒಳಗೆ ಮುದುಕ ಕಿರುಚುತ್ತಿದ್ದ. ನಿಮ್ಮ ತಂದೆ ಓಡುತ್ತಾ ಬಂದರು, ಓಡುತ್ತಾ ಒಳಗೆ ಹೋದರು. ನಾನು ಬರೆಯುವುದರೊಳಗೆ ಹೊಗೆ ಅವರನ್ನು ನುಂಗಿತ್ತು. ನಾನು ಕೊಟ್ಟ ಮಾತಿನಂತೆ ನಡೆದೆ. ನಿಮ್ಮ ಮಾತಿನಂತೆ ನಡೆದೆ. ವಿಚಾರಣೆಗೆ ಬರುತ್ತೇನೆ, ಕೆಂಪು ಶಾಯಿಯನ್ನೂ ತರುತ್ತೇನೆ.

ಕದಿರ್‌ಕುಲ್


ಅರಲ್-ತೋಬೆ
30 ಸೆಪ್ಟೆಂಬರ್ 1999

ಕದಿರ್‌ಕುಲ್ ಅವರಿಗೆ,

ಬೆದರಿಸುತ್ತೀರಾ? ಬೆದರಿಸಿ. ಆ ಕರಡನ್ನು ನನಗೆ ಕಳಿಸಿಬಿಟ್ಟರೆ ವಿಚಾರಣೆಯಲ್ಲಿ ನಿಮ್ಮ ಹೆಸರು ಬರದ ಹಾಗೆ ನೋಡಿಕೊಳ್ಳಬಹುದು. ಮುಖವಾಡ ಹಳೆಯದು, ಪಟ್ಟಿ ಸವೆದಿತ್ತು ಎಂದು ಬರೆದರೆ ಮುಗಿಯಿತು. ನೀವು ಬಾಗಿಲಲ್ಲೇ ಇರುತ್ತೀರಿ, ಇನ್ನೂ ಹದಿನೇಳು ವರ್ಷ ಬೇಕಾದರೆ ಇರಿ. ಜುಮಾದಿಲ್ ಒಪ್ಪುತ್ತಾರೆ. ನಿಮ್ಮ ಹೆಂಡತಿ ಕಾಲುಚೀಲ ಹೆಣೆಯುವುದನ್ನು ನಿಲ್ಲಿಸಬಹುದು.

ಹಟ ಹಿಡಿದರೆ ಒಂದು ನೆನಪಿರಲಿ. ಸಂಘದ ಕಾಗದ ಏನೇ ಹೇಳಲಿ, ಸರ್ಕಾರಿ ನಿಯಮ ಪುಸ್ತಕದಲ್ಲಿ ಕಾವಲುಗಾರ ಮುಟ್ಟಿ ನೋಡಬೇಕು ಎಂದಿದೆ. "ಪರೀಕ್ಷಿಸಲಾಗಿದೆ" ಎಂಬ ಸುಳ್ಳಿಗೆ ಸಹಿ ನಿಮ್ಮದು. ನಾನು ಕುರ್ಚಿ ಕಳೆದುಕೊಳ್ಳುತ್ತೇನೆ, ನೀವು ಏನು ಕಳೆದುಕೊಳ್ಳುತ್ತೀರಿ ಎಂದು ಯೋಚಿಸಿ.

ತಂದೆ ಹಾಗೇ ಇದ್ದಾರೆ. ನಿನ್ನೆ ನರ್ಸ್ ಮುಖ ಒರೆಸಲು ಹೋದಾಗ ಗಲ್ಲ ಮೇಲೆತ್ತಿ ಹಿಡಿದರಂತೆ. ಒರೆಸಿ ಆದ ಮೇಲೂ ಇಳಿಸಲಿಲ್ಲವಂತೆ. ನಿಮಗೆ ಇದನ್ನು ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಬುರುಲ್


ಕೋಕ್-ತಾಲ್
7 ಅಕ್ಟೋಬರ್ 1999

ಬುರುಲ್ ಅವರೇ,

ಕರಡು ಕೊಡುವುದಿಲ್ಲ. ಪಟ್ಟಿ ಸವೆದಿರಲಿಲ್ಲ. ಆ ಪಟ್ಟಿಗಳನ್ನು ವಾರಕ್ಕೊಮ್ಮೆ ನಾನೇ ಎಳೆದು ನೋಡುತ್ತೇನೆ. ಸುಳ್ಳು ಬರೆಯುವುದಾದರೆ ನನ್ನ ಪಟ್ಟಿಗಳ ಮೇಲೆ ಬರೆಯಬೇಡಿ.

ನಿಮ್ಮ ಕಾಗದದಲ್ಲಿ ಗಲ್ಲದ ಆ ಮಾತು ಓದಿದಾಗಿನಿಂದ ನಾನು ಯಾರ ಮುಖವನ್ನೂ ನೋಡಲಾರೆ. ಎಸೆನ್ ಕೇಳಿದ, "ಏನಾಯ್ತು ಬಾಯ್ಕೆ, ಜೈಲಿಗೆ ಹೋಗೋಕೆ ಮುಂಚೇನೇ ಬಿಳಿಚಿಕೊಂಡಿದೀಯ? ಹೋದ್ಮೇಲೆ ಏನು ಮಾಡ್ತೀಯ?" ಅಂತ. ಅವನಿಗೆ ತಮಾಷೆ.

ನನಗೆ ಒಂದೇ ಒಂದು ಪ್ರಶ್ನೆ ಇದೆ. ನಿಮ್ಮ ತಂದೆ ಕಣ್ಣು ಬಿಡುತ್ತಾರೆ ಅಂದಿರಿ, ಗುರುತು ಹಿಡಿಯುತ್ತಾರೆ ಅಂದಿರಿ. ಹೌದು ಅಂದರೆ ಕಣ್ಣು ಮುಚ್ಚಿ ಅಂತ ಹೇಳಿ, ಕೇಳಿ ನೋಡಿ. ಅವರು ಗೋದಾಮಿನ ಬಾಗಿಲಲ್ಲಿ ಯಾಕೆ ನಿಂತರು? ಎಸೆನ್ ಒಳಗೆ ಹೋದ. ನಿಮ್ಮ ತಂದೆ ನಿಂತರು. ಹತ್ತು ಎಣಿಸುವಷ್ಟು ಹೊತ್ತು. ನಾನು ಏನಾದರೂ ಹೇಳಬೇಕು ಅಂತ ನಿಂತರಾ, ನನ್ನ ಮೇಲಿನ ಸಿಟ್ಟಿಗೆ ನಿಂತರಾ? ಅದೊಂದು ಗೊತ್ತಾದರೆ ಸಾಕು. ಆಮೇಲೆ ಎಲ್ಲಿಗೆ ಬೇಕಾದರೂ ಕಳಿಸಿ.

ಕದಿರ್‌ಕುಲ್


ಅರಲ್-ತೋಬೆ
13 ಅಕ್ಟೋಬರ್ 1999

ಕದಿರ್‌ಕುಲ್ ಬಾಯ್ಕೆ,

ಸೆಪ್ಟೆಂಬರ್ 19ರ ಪತ್ರದಲ್ಲಿ "ಓಡುತ್ತಾ ಬಂದರು, ಓಡುತ್ತಾ ಒಳಗೆ ಹೋದರು" ಎಂದು ಬರೆದಿದ್ದೀರಿ. ಈಗ ನಿಂತರು ಎನ್ನುತ್ತೀರಿ. ಹತ್ತು ಎಣಿಸುವಷ್ಟು ಹೊತ್ತು. ಎರಡು ಪತ್ರವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ.

ತಂದೆಯನ್ನು ಕೇಳಬೇಕಾಗಿಲ್ಲ. ಯಾಕೆ ನಿಂತರು ಎಂದು ನನಗೆ ಗೊತ್ತು.

ಏಪ್ರಿಲಿನಲ್ಲಿ ಕವಾಯತಿನಿಂದ ಬಂದ ಸಂಜೆ ಅವರು ಬೂಟು ಬಿಚ್ಚುತ್ತಾ ನಕ್ಕರು. "ಮಗಳೇ, ಕೋಕ್-ತಾಲಿನಲ್ಲಿ ಒಬ್ಬ ಇದಾನೆ. ಕೈ ನಡುಗ್ತಾ ಇತ್ತು, ಆದರೂ ತೆಗೀಲಿಲ್ಲ" ಎಂದರು. ಆಮೇಲೆ ಹೇಳಿದ್ದು: "ಅವನಿಗೆ ಬರೆದು ಹಾಕು. ಅವನು ಮಾಡಿದ್ದು ಸರಿ. ವರ್ಷದ ಊಟ ಆಗೋವರೆಗೆ ಗಡ್ಡ ತೆಗೆಯೋ ಹಾಗಿಲ್ಲ. ನಾಳೆ ಎಲ್ಲಾದ್ರೂ ಬೆಂಕಿ ಬಿದ್ದರೆ ಜನ ನನ್ನ ಮುಖ ನೋಡ್ತಾರೆ, ಹಿಂದೆ ಸರಿಯೋಕೆ ನನ್ನಿಂದ ಆಗಲ್ಲ. ನಾನು ಅವನ ಮುಂದೆ ಹೋಗಿ ನಿಲ್ತೀನಿ. ಅವನು ಬೇಡ ಅನ್ನಲಿ. ಅವನು ಬೇಡ ಅಂದ್ರೆ ನಾನು ಹೊರಗೆ ಉಳೀಬಹುದು, ಯಾರೂ ಏನೂ ಅನ್ನಲ್ಲ. ಹೆಸರು ಕೇಳ್ಕೊಂಡು ಬಂದಿದೀನಿ. ಕದಿರ್‌ಕುಲ್."

ಬರೆಯುತ್ತೇನೆ ಎಂದೆ. ಬರೆದೆ. ಏನು ಬರೆದೆ ಎಂಬುದು ನಿಮ್ಮ ಹತ್ತಿರ ಇದೆ.

ಮರುದಿನ ಕಚೇರಿಗೆ ಹೋದರೆ ಇಬ್ಬರು ಕ್ಯಾಪ್ಟನ್‌ಗಳು ಗಲ್ಲ ಹಿಡಿದುಕೊಂಡು ಮೇಕೆಯ ಹಾಗೆ ಕೂಗಿ ನಕ್ಕರು. ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡರು. ಗಂಡಸರ ಸಂಘದಲ್ಲಿ ಹೆಂಗಸು ಕಾರ್ಯದರ್ಶಿ, ಅದೂ ಅಪ್ಪನ ನೆರಳಿನಲ್ಲಿ. ಆ ನೆರಳೇ ನಗೆಪಾಟಲಾದರೆ ನನಗೆ ಅಲ್ಲಿ ನಿಲ್ಲಲು ಜಾಗ ಇರಲಿಲ್ಲ. "ಅವನು ಮಾಡಿದ್ದು ಸರಿ" ಎಂದು ನಾನೇ ಬರೆದರೆ ನಕ್ಕವರೂ ಸರಿ ಎಂದಾಗುತ್ತಿತ್ತು. ಮೇ ತಿಂಗಳಲ್ಲಿ ಅಪ್ಪ ಕೇಳಿದರು, "ಆ ಕೋಕ್-ತಾಲಿನವನು ಏನಂತಾನೆ?" ಎಂದು. "ಆಗಲಿ ಅಂದಿದ್ದಾನೆ" ಎಂದೆ. ನೀವು ಕಲ್ಪಾಕ್ ಹಿಡಿದು ಬಂದುಬಿಟ್ಟರೆ ಎಲ್ಲ ಹೊರಬೀಳುತ್ತದೆ ಎಂದು ಬರಬೇಡಿ ಎಂದು ಬರೆದೆ. ಅವರಿಗೆ ನಿಮ್ಮ ಮೇಲೆ ದ್ವೇಷ ಇರಲಿಲ್ಲ. ಕೊನೆಯವರೆಗೂ ನೀವು ಬೇಡ ಎನ್ನುತ್ತೀರಿ ಎಂದೇ ನಂಬಿದ್ದರು.

ಇದನ್ನು ಕ್ಷಮೆ ಕೇಳಲು ಬರೆಯುತ್ತಿಲ್ಲ. ನಿಮ್ಮನ್ನು ನಾನು ಈಗಲೂ ಕ್ಷಮಿಸಿಲ್ಲ. ಅವರು ನಿಂತದ್ದನ್ನು ನೀವು ಕಂಡಿದ್ದೀರಿ. ಕಂಡು ಏನು ಮಾಡಿದಿರಿ? ಅದನ್ನು ಹೇಳಿ.

ಬುರುಲ್


ಕೋಕ್-ತಾಲ್
17 ಅಕ್ಟೋಬರ್ 1999

ಬುರುಲ್ ಅವರಿಗೆ,

ಈ ಕಾಗದವನ್ನು ಒಲೆಗೆ ಹಾಕದೆ ಒಂದೇ ಸಲಕ್ಕೆ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಎಸೆನ್ ಬರುತ್ತಾನೆ, ಡ್ರೈವರ್ ಕೈಗೆ ಕೊಡುವುದಿಲ್ಲ, ಎಸೆನ್ ಕೈಗೇ ಕೊಡುತ್ತೇನೆ. ಕೆಂಪು ಶಾಯಿಯ ಕರಡು ಒಳಗಿದೆ. ಅದನ್ನು ಸುಡುವುದೋ ಸಭೆಯಲ್ಲಿ ಓದುವುದೋ ನಿಮಗೆ ಬಿಟ್ಟದ್ದು. ಆದರೆ ಓದಿದರೆ ಇದನ್ನೂ ಜತೆಗೆ ಓದಿ.

ನಿಮ್ಮ ತಂದೆ ಓಡಿಬರಲಿಲ್ಲ. ನಡೆದುಕೊಂಡು ಬಂದರು. ಎಸೆನ್‌ನನ್ನು ನಾನು ಮುಟ್ಟಿ ನೋಡಿ ಒಳಗೆ ಬಿಟ್ಟೆ. ಆಮೇಲೆ ಅವರು ಬಂದು ನನ್ನ ಮುಂದೆ ನಿಂತರು. ಬೆನ್ನು ಸ್ವಲ್ಪ ಬಗ್ಗಿಸಿದರು, ನಾನು ಕುಳ್ಳ ಅಂತ. ಗಲ್ಲ ಎತ್ತಿದರು. ಮುಖವಾಡದ ಅಂಚಿನಿಂದ ಗಡ್ಡ ಹೊರಗೆ ಬಂದಿತ್ತು, ಮುಟ್ಟುವುದೇ ಬೇಕಿರಲಿಲ್ಲ, ಕುರುಡನಿಗೂ ಕಾಣುತ್ತಿತ್ತು. ಗಾಜಿನ ಒಳಗಿಂದ ನನ್ನನ್ನೇ ನೋಡುತ್ತಿದ್ದರು. ಕೋಪ ಇರಲಿಲ್ಲ. ಕೋಪ ಇಲ್ಲ ಅಂತ ನನಗೆ ಆವತ್ತೇ ಗೊತ್ತಾಯಿತು. ನಿಮ್ಮನ್ನು ಪ್ರಶ್ನೆ ಕೇಳಿದ್ದು ಸುಮ್ಮನೆ. ಕೋಪಕ್ಕೆ ನಿಂತರು ಅಂತ ನೀವು ಹೇಳಿದ್ದರೆ ನನಗೆ ಹಗುರಾಗುತ್ತಿತ್ತು, ಅದಕ್ಕೆ ಕೇಳಿದೆ.

ಬೇಡ ಅನ್ನುವ ಮಾತು ನನ್ನ ನಾಲಿಗೆ ಮೇಲೆ ಇತ್ತು. ಆಗ ನಿಮ್ಮ ಕಾಗದ ನೆನಪಾಯಿತು. ಗೇಟು ನೆನಪಾಯಿತು. ಹೆಂಡತಿ ಹೊಲಿದು ಮಡಿಸಿಟ್ಟ ಕಲ್ಪಾಕ್, ನನ್ನ ಮಗಳ ಎದುರಿಗೇ ಹುಡುಗರು ಕ್ಷೌರಿಕ ಅಂದದ್ದು, ಎಲ್ಲ. ಹತ್ತು ಎಣಿಸುವುದರೊಳಗೆ ಎಷ್ಟೆಲ್ಲ ನೆನಪಾಗುತ್ತದೆ ನೋಡಿ. ನನ್ನೊಳಗೆ ಒಬ್ಬ ಅಂದ: ಸುಮ್ಮನಿದ್ದರೂ ಪರೀಕ್ಷೆ ಅಂತ ಬರೆಸಿಕೊಂಡರಲ್ಲ, ಸುಮ್ಮನಿದ್ದಾರೆ, ಬರಿ. ನಾನು ಅವರ ಮುಖ ಬಿಟ್ಟು ಗಡಿಯಾರ ನೋಡಿದೆ. ಹನ್ನೆರಡು ನಲವತ್ತು. ಬರೆದೆ. ಅವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ನಾನು ತಲೆ ಎತ್ತಲಿಲ್ಲ. ಆಮೇಲೆ ಒಳಗೆ ಹೋದರು.

ಸೇಡು ಅಂದಿರಿ. ನಾನು ಎಗರಾಡಿದೆ. ಕಾದು ಕೂತಿರಲಿಲ್ಲ, ಅದು ನಿಜ. ಆದರೆ ಆ ಹತ್ತು ಎಣಿಕೆಯಲ್ಲಿ ಒಂದೆರಡಾದರೂ ಸೇಡಿನವೇ. ಎಷ್ಟು ಅಂತ ದಿನಾ ಕೂಡಿಸಿ ಕಳೆದು ನೋಡುತ್ತೇನೆ, ಒಂದು ದಿನದ ಹಾಗೆ ಇನ್ನೊಂದು ದಿನ ಬರುವುದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟು ಹೋಗಿಲ್ಲ. ಅವರು ಹೇಳಿದ ಒಂದು ಸಾಲು ನೀವು ಬರೆದಿದ್ದರೆ ನಾನು ಆವತ್ತು ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ. ಇಪ್ಪತ್ತನೇ ತಾರೀಕು ಬರುತ್ತೇನೆ. ಸಭೆಯ ಮುಂದೆ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ, ನಿಮ್ಮನ್ನು ನೋಡದೆ ಹೇಳುತ್ತೇನೆ. ಅದಕ್ಕೂ ಮೊದಲು ಆಸ್ಪತ್ರೆಗೆ ಬಿಡಿ. ಅವರು ಕಣ್ಣು ಬಿಟ್ಟಿರುವಾಗ ಬಿಡಿ. ಒಳಗೆ ನೀವು ಇರಬೇಡಿ.

ಇನ್ನು ಬಾಗಿಲಿನ ವಿಚಾರ. ಜುಮಾದಿಲ್ ನನ್ನನ್ನು ಅಲ್ಲೇ ಉಳಿಸಿಕೊಳ್ಳುತ್ತೇನೆ ಅಂದ. ಸಾಕ್ಷಿ ನಮ್ಮ ಕಡೆ ಇದೆ, ಹೆದರಬೇಡ ಅಂದ. ನಾನು ಬೇಡ ಅಂದೆ. ಇದೊಂದು ಸಲ ಬೇಗ ಬಾಯಿಗೆ ಬಂತು. ನಿನ್ನೆಯಿಂದ ಗೇಟು ಎತ್ತುತ್ತಿದ್ದೇನೆ. ನನ್ನ ಜಾಗಕ್ಕೆ ತಾಲಾಯ್ ಅಂತ ಒಬ್ಬನನ್ನು ಹಾಕಿದ್ದಾರೆ, ಕುದುರೆಗೆ ಲಾಳ ಹೊಡೆಯುತ್ತಿದ್ದವನು, ಬಾಯಿ ಜಾಸ್ತಿ, ಯಾರಿಗೂ ಬಗ್ಗುವುದಿಲ್ಲ. ಅವನಿಗೆ ನಾನು ಹೇಳಿದರೆ ಕೇಳುವುದಿಲ್ಲ. ಸಂಘದಿಂದ ನೀವು ಬರೆದು ಹಾಕಿ. ಕೈಗವಸು ಹಾಕಿಕೊಂಡು ನೋಡುತ್ತಿದ್ದಾನೆ. ಗವಸಿನಲ್ಲಿ ಕೂದಲು ಗೊತ್ತಾಗುವುದಿಲ್ಲ. ಎಷ್ಟೇ ಚಳಿ ಇರಲಿ, ಬರಿಗೈಯಲ್ಲಿ ನೋಡಬೇಕು.

ಕದಿರ್‌ಕುಲ್